ಊಟದ ಕಹಳೆ

ಲವಿನಿಯಾ ಸೊಸೆಯಾಗಿ ನಮ್ಮ ಕಣಿವೆಗೆ ಬಂದ ಎರಡನೆಯ ವಾರದಲ್ಲೇ ಊರಿಗೆ ಊರೇ ಕತ್ತಿ ಹಿಡಿದು ಓಡುವ ಹಾಗೆ ಮಾಡಿದಳು. ಅವಳು ಮಾಡಿದ್ದು ಇಷ್ಟೇ. ಆವತ್ತು ಮೆಕ್ಕೆಜೋಳದ ರೊಟ್ಟಿ ಬೇಗ ಬೆಂದಿತು. ಗಂಡ ಏಸಾ ಬಿಸಿಬಿಸಿಯಾಗಿ ತಿನ್ನಲಿ ಎಂದು, ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ತಗಡಿನ ಕಹಳೆ ತೆಗೆದು ಊದಿಬಿಟ್ಟಳು. ಮಧ್ಯಾಹ್ನಕ್ಕೆ ಇನ್ನೂ ಬಹಳ ಹೊತ್ತಿತ್ತು.

ನಮ್ಮಲ್ಲಿ ಊಟದ ಕಹಳೆ ಊದುವುದು ಹೊತ್ತು ನೆತ್ತಿಗೆ ಬಂದಾಗ ಮಾತ್ರ. ಮಿಕ್ಕ ಯಾವ ಹೊತ್ತಿನಲ್ಲಿ ಅದು ಕೂಗಿದರೂ ಹಿಡಿಯುವವರು ಬಂದರು ಎಂದೇ ಲೆಕ್ಕ. ಪೆನ್ಸಿಲ್ವೇನಿಯಾದ ಈ ಮೂಲೆಗೆ ಮೇರಿಲ್ಯಾಂಡಿನ ಗಡಿ ಒಂದು ಬೆಳಗಿನ ನಡಿಗೆ. ಗಡಿಯಾಚೆ ಕರಿಯರಾದ ನಾವು ಗುಲಾಮರು, ಇನ್ನೊಬ್ಬರ ಸೊತ್ತು. ಈಚೆ ದುಡಿದು ಉಣ್ಣುವ ಮನುಷ್ಯರು. ಆಚೆಯವರು ಆಗಾಗ ಗಾಡಿ ಕಟ್ಟಿಕೊಂಡು ಬಂದು ಈಚೆಯವರನ್ನು ಎತ್ತಿಹಾಕಿಕೊಂಡು ಹೋಗುತ್ತಿದ್ದರು. ಅದಕ್ಕೇ ಕಹಳೆ. ಇದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆದ್ದರಿಂದಲೇ ಫಿಲಡೆಲ್ಫಿಯಾದಲ್ಲಿ ಗಂಟೆ ಸದ್ದು ಕೇಳಿ ಬೆಳೆದ ಹುಡುಗಿಗೆ ಹೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಬೆಣ್ಣೆ ಕಡೆಯುತ್ತಿದ್ದ ನಾನು ಕೊಡಲಿ ಹಿಡಿದು ಹಳ್ಳ ದಾಟಿ ಓಡಿದೆ. ಗಂಡಸರು ಮೆಕ್ಕೆಜೋಳದ ದಂಟು ಕೊಯ್ಯುವ ಉದ್ದ ಕತ್ತಿಗಳನ್ನೇ ಹಿಡಿದು ಬಂದಿದ್ದರು. ನೋಡಿದರೆ ಲವಿನಿಯಾ ಬಾಗಿಲಲ್ಲಿ ರೊಟ್ಟಿ ತಟ್ಟೆ ಹಿಡಿದು ನಗುತ್ತ ನಿಂತಿದ್ದಾಳೆ.

"ಇಷ್ಟೊಂದು ಜನ ಊಟಕ್ಕೆ ಬರ್ತೀರ ಅಂತ ಏಸಾ ಹೇಳೇ ಇರಲಿಲ್ಲ! ರೊಟ್ಟಿ ಸಾಲಲ್ವಲ್ಲ!"

ಸೈಲಸಜ್ಜ ಏದುಸಿರು ಬಿಡುತ್ತ ಬೇಲಿಗೆ ಒರಗಿದ. ಹೆಂಡತಿ ಸತ್ತ ಮೇಲೆ ಅವನು ಎರಡು ಹೊತ್ತೂ ಈ ಮನೆಯಲ್ಲೇ ಉಣ್ಣುತ್ತಿದ್ದ.

"ನನ್ನ ಒಂದು ಬೂಟು ಹೊಲದ ಕೆಸರಲ್ಲೇ ಹೋಯ್ತು ಕಣಮ್ಮ. ಹಿಡಿಯೋರು ಎಲ್ಲಿ?"

"ಯಾರು ಹಿಡಿಯೋರು?" ಅಂದಳು ಲವಿನಿಯಾ.

ಅಷ್ಟರಲ್ಲಿ ಹಳ್ಳದ ಕಡೆಯಿಂದ ಅವಳ ಅತ್ತೆ ಡೊರ್ಕಸ್ ಒದ್ದೆ ಬಟ್ಟೆಯ ಬುಟ್ಟಿ ಎಸೆದು ಓಡಿ ಬಂದಳು. ಸಂಗತಿ ಗೊತ್ತಾದದ್ದೇ ಸೊಸೆಯ ಕೈಯಿಂದ ಕಹಳೆ ಕಿತ್ತುಕೊಂಡಳು.

"ಇನ್ನು ಇದನ್ನ ಮುಟ್ಟಿದರೆ ಕೈ ಮುರೀತೀನಿ. ಪಟ್ಟಣದಿಂದ ಏನು ಕಲಿತು ಬಂದೆಯೇ ನೀನು? ಬಾಯಿಗೆ ಏನು ಸಿಕ್ಕಿದ್ರೂ ಊದೋದನ್ನಾ?"

ಎಲ್ಲರೂ ನಕ್ಕರು. ನಗುತ್ತಲೇ ಬೈದುಕೊಂಡು ಹಿಂತಿರುಗಿದರು. ದಾರಿಯಲ್ಲಿ ನನ್ನ ಗಂಡ, "ಮುಂದಿನ ಸಲ ಊದಿದರೆ ಯೋಚನೆ ಮಾಡಿ ಹೋಗಬೇಕು," ಅಂದ. ಅದು ನಮ್ಮೆಲ್ಲರ ಮನಸ್ಸಿನಲ್ಲೂ ಇತ್ತು.

ಡೊರ್ಕಸಳ ಕಹಳೆ ಬರೀ ಅವಳ ಮನೆಯದಾಗಿರಲಿಲ್ಲ. ಅವಳ ಮನೆ ದಿಬ್ಬದ ಮೇಲಿದೆ, ಬಾಗಿಲು ದಕ್ಷಿಣಕ್ಕಿದೆ. ಹೊಸ್ತಿಲ ಮೇಲೆ ಅವಳೇ ಚಾಕುವಿನಿಂದ ಒಂದು ಗೆರೆ ಕೊರೆದಿದ್ದಳು. ಬಾಗಿಲುಕಂಬದ ನೆರಳು ಆ ಗೆರೆಯ ಮೇಲೆ ಕೂತ ತಕ್ಷಣ ಮೂರು ಸಲ ಉದ್ದಕ್ಕೆ ಊದುತ್ತಿದ್ದಳು. ಇಡೀ ಕಣಿವೆ ಆ ಸದ್ದಿಗೆ ಹೇಸರಗತ್ತೆ ಬಿಚ್ಚುತ್ತಿತ್ತು, ಕತ್ತಿ ಊರಿ ಬೆನ್ನು ನೆಟ್ಟಗೆ ಮಾಡುತ್ತಿತ್ತು. ನನ್ನ ಮನೆಯಲ್ಲಿ ಗಡಿಯಾರ ಇದೆ. ಅದನ್ನು ನಾನು ಡೊರ್ಕಸಳ ಕಹಳೆಗೆ ಸರಿಮಾಡುತ್ತಿದ್ದೆ.

ಅವಳು ಗಡಿ ದಾಟಿ ಬಂದಾಗ ಏಸಾ ಅವಳ ಹೊಟ್ಟೆಯಲ್ಲಿದ್ದ. ಇಲ್ಲೇ ಹೆತ್ತಳು, ಇಲ್ಲೇ ಸಾಕಿದಳು. ಈಗ ಅವನು ಗುಲಾಮಗಿರಿ ಒಪ್ಪದ ಕ್ವೇಕರ್ ಪಂಥದ ರೈತನ ಹೊಲದಲ್ಲಿ ಎಲ್ಲರಿಗಿಂತ ಮುಂದೆ ಕತ್ತಿ ಬೀಸುವ ಆಳು. ಆದರೂ ಗಡಿಯಾಚೆಯವರ ಲೆಕ್ಕವೇ ಬೇರೆ. ತಾಯಿ ಅವರ ಸೊತ್ತಾದರೆ ಅವಳ ಹೊಟ್ಟೆಯಲ್ಲಿದ್ದದ್ದೂ ಅವರ ಸೊತ್ತೇ. ಆ ಮನೆಯಲ್ಲಿ ಯಾವ ಭಯವೂ ಇಲ್ಲದೆ ಮಲಗಬಹುದಾದವಳು ಸ್ವತಂತ್ರಳಾಗಿಯೇ ಹುಟ್ಟಿದ ಲವಿನಿಯಾ ಒಬ್ಬಳೇ. ಆದರೆ ನಿದ್ದೆಗೆಟ್ಟವಳೂ ಅವಳೇ.

ಆ ಶರತ್ಕಾಲದಲ್ಲಿ ಹೊಸ ಕಾನೂನು ಬಂತು. ಓದು ಬರುತ್ತಿದ್ದುದು ಲವಿನಿಯಾಗೆ ಮಾತ್ರ. ಊಟಕ್ಕೆ ಕೂತಾಗ ಪತ್ರಿಕೆ ಹರಡಿ ಓದಿ ಹೇಳಿದಳು. ಹಿಡಿಯುವವನು ಕರೆದರೆ ಯಾರೇ ಆಗಲಿ ನೆರವಿಗೆ ಹೋಗಬೇಕು. ಸಿಕ್ಕಿಬಿದ್ದವರು ನ್ಯಾಯಾಧಿಕಾರಿಯ ಮುಂದೆ ತಮ್ಮ ಪರವಾಗಿ ಒಂದು ಮಾತೂ ಆಡುವಂತಿಲ್ಲ.

"ಯಾಕಂತೆ ಇದೆಲ್ಲ ಈಗ?" ಏಸಾ ಕೇಳಿದ.

"ಮೆಕ್ಸಿಕೋದವರಿಂದ ಕಿತ್ಕೊಂಡ ನೆಲ ಹಂಚೋದಕ್ಕೆ ಜಗಳ ಬಂತಲ್ಲ, ಅದರ ರಾಜಿಯಂತೆ. ಕ್ಯಾಲಿಫೋರ್ನಿಯಾದಲ್ಲಿ ಗುಲಾಮರು ಇರಬಾರದು ಅಂತ ಆಯ್ತು. ಅದು ಉತ್ತರದವರಿಗೆ."

"ಚಿನ್ನ ಸಿಗೋ ಸೀಮೆ," ಅಂದ ಸೈಲಸಜ್ಜ, ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದುತ್ತ. "ದಕ್ಷಿಣದವರಿಗೆ ಏನು ಸಿಕ್ತು?"

"ನಾವು," ಅಂದಳು ಡೊರ್ಕಸ್. ಅವನ ತಟ್ಟೆಗೆ ಒಂದು ಸೌಟು ಅವರೆಕಾಳು ಹಾಕಿದಳು. "ಹಂದಿಮಾಂಸದ ಚೂರು ಬೇಕಾ, ಸಾಕಾ?"

"ದೇಶ ಒಡೀಬಾರದು ಅಂತ ಇದನ್ನ ಮಾಡಿದಾರಂತೆ ಅತ್ತೆ."

"ದೇಶ ಒಡೀಬಾರದು ಅಂತ ನಮ್ಮ ಮನೆ ಒಡೀತಾರೆ. ಆ ಕಾಗದ ಮಡಿಚಿಡು, ಕಾಳು ಆರುತ್ತೆ."

ಲವಿನಿಯಾ ಮಡಿಚಲಿಲ್ಲ. "ನಾವು ಕೆನಡಾಕ್ಕೆ ಹೋಗೋಣ. ನಮ್ಮ ಚರ್ಚಿನಿಂದ ಆಗಲೇ ಎಷ್ಟೋ ಜನ ಹೊರಟಿದಾರೆ. ಅಲ್ಲಿ ಈ ಕಾನೂನು ನಡೆಯಲ್ಲ."

"ನೀನು ಹೋಗು."

"ಅವ್ವಾ!" ಅಂದ ಏಸಾ.

"ಏನೋ ಅವ್ವ? ನಾನು ಒಂದು ಸಲ ಓಡಿದೀನಿ. ಹೊಟ್ಟೇಲಿ ನಿನ್ನ ಹೊತ್ಕೊಂಡು, ಕಾಲಿಗೆ ಚಿಂದಿ ಕಟ್ಕೊಂಡು ಓಡಿದೀನಿ. ಆಮೇಲೆ ಕೂತಿದ್ದು ಇಲ್ಲೇ. ಈ ಹೊಸ್ತಿಲು ನಂದು. ಇದನ್ನ ದಾಟಿಸಬೇಕು ಅಂದ್ರೆ ಹೊತ್ಕೊಂಡೇ ಹೋಗಬೇಕು."

"ಹೊತ್ಕೊಂಡು ಹೋಗೋಕೇ ಅಲ್ವಾ ಅತ್ತೆ ಅವರು ಬರ್ತಿರೋದು?"

ಸೈಲಸಜ್ಜ ಇನ್ನೊಂದು ರೊಟ್ಟಿಗೆ ಕೈ ಚಾಚಿದ.

ಅಲ್ಲಿಂದ ಅತ್ತೆ ಸೊಸೆ ಜಗಳ ಒಲೆಯ ಮೇಲೆ ಇಟ್ಟ ಹಾಗೇ ಇತ್ತು. ಸೇಬಿನ ಪಾಕ ಕಾಯಿಸುವ ದಿನ ಅಂಗಳದಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟು ಬೆಳಗಿನಿಂದ ಸಂಜೆಯವರೆಗೆ ಕೈಬಿಡದೆ ತಿರುವಬೇಕು. ಅಲ್ಲೂ ಅದೇ ಮಾತು. "ಕೆನಡಾದಲ್ಲೂ ಸೇಬು ಬೆಳೆಯುತ್ತಂತೆ," ಅನ್ನುವಳು ಸೊಸೆ. "ತಳ ಹಿಡೀತಾ ಇದೆ, ಬಾಯಿ ಬಿಟ್ಟು ಕೈ ಆಡಿಸು," ಅನ್ನುವಳು ಅತ್ತೆ. ಹಿಟ್ಟು ಕಡ ಕೇಳಲು ಹೋದ ನನ್ನನ್ನು ಇಬ್ಬರೂ ಪಂಚಾಯ್ತಿಗೆ ಕೂರಿಸುತ್ತಿದ್ದರು. ನಾನು ಹಿಟ್ಟು ಇಸಕೊಂಡು ಜಾಣತನದಿಂದ ಜಾರಿಕೊಳ್ಳುತ್ತಿದ್ದೆ. ನಡುವೆ ಏಸಾ ಬಡಪಾಯಿ. ತಾಯಿ ಎದುರು ತಾಯಿಗೆ ಹೂಂ, ಹೆಂಡತಿ ಎದುರು ಹೆಂಡತಿಗೆ ಹೂಂ.

"ನಿನಗೆ ಅಂತ ಒಂದು ಬಾಯಿ ಇಲ್ವಾ?" ಎಂದು ಲವಿನಿಯಾ ಒಂದು ದಿನ ಅವನನ್ನು ಹಳ್ಳದ ಹತ್ತಿರ ತರಾಟೆಗೆ ತೆಗೆದುಕೊಂಡಳು.

"ಇದೆ. ನಿಮ್ಮಿಬ್ಬರ ಮನೇಲಿ ಅದು ಊಟಕ್ಕೆ ಮಾತ್ರ."

ಸೊಸೆಯನ್ನು ಬಗ್ಗಿಸಲು ಡೊರ್ಕಸಳ ಕೈಯಲ್ಲಿ ಒಂದು ಅಸ್ತ್ರವಿತ್ತು, ಅದೇ ಕಹಳೆಯ ಕಥೆ. ಮನೆಗೆ ಯಾರೇ ಬರಲಿ, ಊಟಕ್ಕೆ ಇಕ್ಕಿ, ಆ ಕಥೆಯನ್ನು ಅಭಿನಯ ಸಮೇತ ಹೇಳುವಳು. ಸೈಲಸಜ್ಜ ಒಂದೇ ಬೂಟಿನಲ್ಲಿ ಕುಂಟಿದ್ದು, ನಾನು ಕೊಡಲಿ ಹಿಡಿದು ಹಳ್ಳದಲ್ಲಿ ಜಾರಿದ್ದು, "ರೊಟ್ಟಿ ಸಾಲಲ್ವಲ್ಲ" ಎಂದು ಸೊಸೆ ಮುಖ ಮಾಡಿದ್ದು. ಚೆನ್ನಾಗಿ ಹೇಳುತ್ತಿದ್ದಳು, ಸುಳ್ಳೇಕೆ ಆಡಲಿ. ಲವಿನಿಯಾ ಪಾತ್ರೆಗಳನ್ನು ಸದ್ದು ಮಾಡಿ ತೊಳೆಯುತ್ತಿದ್ದಳು.

ಅಕ್ಟೋಬರಿನಲ್ಲಿ ತಗಡಿನ ಪಾತ್ರೆ ಮಾರುವವನು ಗಾಡಿ ಹೊಡೆದುಕೊಂಡು ಬಂದ. ಬಿಳಿಯ, ನಗುಮುಖದ ಮಾತುಗಾರ. ಡೊರ್ಕಸ್ ಅವನಿಗೂ ಸೇಬಿನ ಪಾಕ ಸವರಿದ ರೊಟ್ಟಿ ಕೊಟ್ಟಳು, ಕಥೆಯನ್ನೂ ಹೇಳಿದಳು. ಅವನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

"ಹಾಗಾದ್ರೆ ಮಧ್ಯಾಹ್ನ ಊದಿದ್ರೆ ಬರೀ ಊಟ?"

"ಬರೀ ಊಟ. ನನ್ನ ಮಗ ಅಂತೂ ಕತ್ತಿ ಅಲ್ಲೇ ಒಗೆದು ಎಲ್ಲರಿಗಿಂತ ಮೊದಲು ಓಡಿ ಬರ್ತಾನೆ."

"ಅತ್ತೆ, ಬಂದೋರಿಗೆಲ್ಲ ಹೇಳಲೇಬೇಕಾ?" ಅಂದಳು ಲವಿನಿಯಾ ಒಳಗಿನಿಂದ.

"ನೋಡು, ನೋಡು, ಮುಖ ಊದಿಸ್ಕೊಂಡಳು. ಅದನ್ನಾದ್ರೂ ಹೊತ್ತಿಗೆ ಸರಿಯಾಗಿ ಊದಿಸ್ತಾಳೆ!"

ಕಹಳೆಯ ಬಾಯಿ ಸ್ವಲ್ಪ ಬಿಟ್ಟುಕೊಂಡಿತ್ತು. ಅವನು ಅದಕ್ಕೆ ಪುಕ್ಕಟೆ ಬೆಸುಗೆ ಹಾಕಿಕೊಟ್ಟು ಹೋದ. "ಎಂಥ ಒಳ್ಳೇ ಮನುಷ್ಯ," ಅಂದಳು ಡೊರ್ಕಸ್.

ಆಮೇಲಿನದನ್ನು ಲವಿನಿಯಾ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಆ ಅಡುಗೆಮನೆಯಲ್ಲಿ ಇದ್ದೆ ಅನ್ನಿಸುತ್ತದೆ. ಮೆಕ್ಕೆಜೋಳದ ಕೊಯ್ಲು ಮುಗಿಯುತ್ತ ಬಂದಿತ್ತು. ಬಿಸಿಲು ಚೆನ್ನಾಗಿತ್ತು. ಡೊರ್ಕಸ್ ಒಲೆಯ ಹತ್ತಿರ ಬೆಂಚಿನ ಮೇಲೆ ಕೂತು ಎಲೆಕೋಸು ಹೆಚ್ಚುತ್ತಿದ್ದಳು, ಲವಿನಿಯಾ ರೊಟ್ಟಿ ತಿರುವುತ್ತಿದ್ದಳು. ಸೇಬಿನ ತೋಟದ ಮರೆಯಿಂದ ಗಾಡಿ ಬಂದದ್ದು ಇಬ್ಬರಿಗೂ ಕೇಳಿಸಲಿಲ್ಲ. ಹಿಂಬಾಗಿಲಿನಿಂದ ಇಬ್ಬರು ಒಳಗೆ ಬಂದರು. ಒಬ್ಬನ ಕೈಯಲ್ಲಿ ಕಾಗದ, ಇನ್ನೊಬ್ಬನ ಕೈಯಲ್ಲಿ ಪಿಸ್ತೂಲು. ಪಿಸ್ತೂಲಿನವನು ಇಪ್ಪತ್ತೈದರ ಆಸುಪಾಸಿನ ಹುಡುಗ, ಒಳ್ಳೆ ಕೋಟು ಹಾಕಿದ್ದ. ಡೊರ್ಕಸ್ ಅವನ ಮೂಗು ನೋಡಿಯೇ ಅವನು ತನ್ನ ಹಳೆಯ ಯಜಮಾನನ ಮಗ ಎಂದು ಗುರುತು ಹಿಡಿದಳು.

"ನನ್ನ ಗುರುತು ಸಿಕ್ತಾ?" ಅಂದ ಅವನು.

"ಸಿಗದೆ ಏನು? ನಿನ್ನ ಅಂಡು ತೊಳೆದವಳು ನಾನು. ಬೂಟು ಒರೆಸಿ ಒಳಗೆ ಬಾ."

ಕಾಗದದವನು ಓದಿದ. ಡೊರ್ಕಸ್ ಎಂಬ ಹೆಂಗಸು, ಆಕೆಯ ಗಂಡು ಸಂತಾನ ಒಂದು. ಓದಿ ಮುಗಿಸಿ ಮೊಳೆಯಿಂದ ಕಹಳೆ ತೆಗೆದು ಲವಿನಿಯಾಳ ಕೈಗೆ ಕೊಟ್ಟ.

"ಹೊಲದಲ್ಲಿ ಅವನನ್ನ ಹಿಡಿದರೆ ಗಲಾಟೆ. ಊಟಕ್ಕೆ ಅವನೇ ಬರಲಿ. ದಿನಾ ಊದೋ ಹಾಗೆ ಊದು."

"ಅವಳಿಗೆ ಊದೋಕೆ ಬರಲ್ಲ," ಅಂದಳು ಡೊರ್ಕಸ್.

ಕೋಟಿನ ಹುಡುಗ ನಕ್ಕ. "ಬರುತ್ತಂತಲ್ಲ. ಬೇಡದ ಹೊತ್ತಲ್ಲಿ ಊದಿ, ರೊಟ್ಟಿ ಸಾಲಲ್ವಲ್ಲ ಅಂದಳಂತಲ್ಲ."

ಆ ಮಾತು ಕೇಳಿದಾಗ ಡೊರ್ಕಸಳ ಮುಖ ಬಿದ್ದುಹೋಯಿತಂತೆ. ಲವಿನಿಯಾ ಕಿಟಕಿಯಿಂದ ಹೊರಗೆ ನೋಡಿದಳು. ಗಾಡಿಯಲ್ಲಿ ಲಗಾಮು ಹಿಡಿದು ಆ ಕಡೆ ಮುಖ ತಿರುಗಿಸಿ ಕೂತಿದ್ದವನು ನಮ್ಮ ನಗುಮುಖದ ಪಾತ್ರೆಯವನೇ. ಗಾಡಿಯ ಪಕ್ಕಕ್ಕೆ ಇನ್ನೂ ತಪ್ಪಲೆಗಳು ನೇತಾಡುತ್ತಿದ್ದವು.

ಲವಿನಿಯಾ ಕಹಳೆ ಹಿಡಿದು ಹೊಸ್ತಿಲಿಗೆ ಬಂದಳು. ಹುಡುಗ ಹೊರಗೆ ಕಾಣದ ಹಾಗೆ ಒಳಗೇ ನಿಂತು ಪಿಸ್ತೂಲನ್ನು ಡೊರ್ಕಸಳ ಕಿವಿಯ ಹತ್ತಿರ ಹಿಡಿದ. ಕೆಳಗೆ ಕಣಿವೆ ಉದ್ದಕ್ಕೂ ಬಿಸಿಲಲ್ಲಿ ಬಿದ್ದಿತ್ತು. ದೂರದ ಹೊಲದಲ್ಲಿ ಗಂಡಸರ ಸಾಲು, ಅದರ ತುದಿಯಲ್ಲಿ ಏಸಾನ ಹುಲ್ಲು ಟೋಪಿ ಅವಳಿಗೆ ಕಾಣುತ್ತಿತ್ತು.

"ಊದು."

"ನೆರಳು ಇನ್ನೂ ಗೆರೆ ಮುಟ್ಟಿಲ್ಲ. ಈಗಲೇ ಊದಿದರೆ ಎಲ್ಲರೂ ಕತ್ತಿ ಹಿಡಿದು ಬರ್ತಾರೆ. ನಿಮಗೇ ಗೊತ್ತಿದೆಯಲ್ಲ."

ಅವರು ಕಾದರು. ತಾವೇ ತಿಳಿದುಕೊಂಡು ಬಂದ ಸಂಗತಿಗೆ ತಾವೇ ಸಿಕ್ಕಿಬಿದ್ದಿದ್ದರು. ಒಲೆಯ ಮೇಲೆ ರೊಟ್ಟಿ ಸೀಯತೊಡಗಿತು. ನೆರಳು ಸರಿದು ಗೆರೆಯ ಮೇಲೆ ಕೂತಿತು.

"ಈಗ ಊದು. ಇಲ್ಲದಿದ್ರೆ ಮುದುಕಿ ತಲೆ ಹಾರುತ್ತೆ."

ಲವಿನಿಯಾ ಅತ್ತೆಯ ಕಡೆ ತಿರುಗಿದಳು. ಡೊರ್ಕಸ್ ಎಲೆಕೋಸಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು.

"ಹೊಡೀಲಿ ಬಿಡೇ. ಇಷ್ಟು ದೂರ ಗಾಡಿ ಬಾಡಿಗೆ ಕೊಟ್ಟು ಬಂದು, ಹೆಣ ಹೊತ್ಕೊಂಡು ಹೋದರೆ ಇವರಪ್ಪ ಇವನ ಚರ್ಮ ಸುಲೀತಾನೆ."

ಲವಿನಿಯಾ ಕಹಳೆಯನ್ನು ಬಾಯಿಗೆ ತೆಗೆದುಕೊಂಡು ಹೋಗಲಿಲ್ಲ. ಬಗ್ಗಿ ಅದನ್ನು ಹೊಸ್ತಿಲ ಗೆರೆಯ ಮೇಲೆ ಅಡ್ಡ ಇಟ್ಟಳು. ಹಿಮ್ಮಡಿ ಎತ್ತಿ ಶಕ್ತಿಯೆಲ್ಲ ಬಿಟ್ಟು ತುಳಿದಳು. ಹೊಸ ಬೆಸುಗೆ ಮೊದಲು ಬಿಟ್ಟಿತು. ಇನ್ನೆರಡು ಸಲ ತುಳಿದಳು. ತಗಡು ಚಪ್ಪಟೆಯಾಯಿತು.

"ಈಗ ನೀವೇ ಊದಿಕೊಳ್ಳಿ," ಅಂದಳು.

ಹುಡುಗ ಅವಳ ಕೆನ್ನೆಗೆ ಹೊಡೆದ. ಅವಳು ಬಾಗಿಲುಕಂಬ ಹಿಡಿದು ಅಲ್ಲೇ ನಿಂತಳು, ಅಳಲಿಲ್ಲ. ಕಾಗದದವನು, "ಮಗ ಸಿಗದಿದ್ದರೆ ಇಲ್ಲ, ತಾಯಿಯನ್ನಾದರೂ ಹಾಕ್ಕೊಂಡು ಹೊರಡೋಣ," ಅಂದ. ಡೊರ್ಕಸ್ ಎರಡು ಕೈಯಲ್ಲೂ ಬೆಂಚು ಹಿಡಿದುಕೊಂಡಳು. ಅವಳು ತೂಕದ ಹೆಂಗಸು, ಬೆಂಚು ಓಕ್ ಮರದ್ದು. ಅವಳನ್ನು ಬೆಂಚಿನಿಂದ ಬಿಡಿಸಲು ಇಬ್ಬರಿಗೂ ಸಾಕುಬೇಕಾಯಿತು. ಬಿಡಿಸಿದಷ್ಟೂ ಲವಿನಿಯಾ ಇನ್ನೊಂದು ಕಡೆಯಿಂದ ಅತ್ತೆಯ ಸೊಂಟ ತಬ್ಬಿ ಎಳೆದಳು.

ಇತ್ತ ಹೊಲದಲ್ಲಿ ಏನಾಯಿತು ಎಂಬುದನ್ನು ನಾನೇ ಹೇಳಬಲ್ಲೆ, ಗಂಡನಿಗೆ ಮಜ್ಜಿಗೆ ಕೊಡಲು ಹೋದವಳು ಅಲ್ಲೇ ಇದ್ದೆ. ಮೊದಲು ಗೊತ್ತಾದದ್ದು ಸೈಲಸಜ್ಜನ ಹೇಸರಗತ್ತೆಗೆ. ಅದು ಉಳುತ್ತ ಉಳುತ್ತ ನಿಂತುಬಿಟ್ಟಿತು. ಅಜ್ಜ ಬಾರಿನಿಂದ ತಟ್ಟಿದ, ಅದು ಕದಲಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ತಲೆಯೆತ್ತಿ ಬಿಸಿಲು ನೋಡಿದರು, ಕಾಲ ಕೆಳಗಿನ ನೆರಳು ನೋಡಿದರು, ಆಮೇಲೆ ದಿಬ್ಬ ನೋಡಿದರು. ಮೋಡವೇನೂ ಇರಲಿಲ್ಲ. ಮಂಜು ಬಿದ್ದ ದಿನವೂ, ಇಲ್ಲಿಗೆ ಬಂದ ಮೇಲೆ ಕಟ್ಟಿಕೊಂಡ ಗಂಡ ಸತ್ತ ದಿನವೂ ತಪ್ಪದೆ ಊದಿದ್ದವಳು ಡೊರ್ಕಸ್.

"ನನ್ನ ಊಟ ಎಲ್ಲಿ?" ಅಂದ ಸೈಲಸಜ್ಜ ಗಟ್ಟಿಯಾಗಿ.

ಏಸಾ ಆಗಲೇ ಓಡುತ್ತಿದ್ದ. ನಾವೂ ಓಡಿದೆವು. ಹೊತ್ತಲ್ಲದ ಹೊತ್ತಿನಲ್ಲಿ ಕಹಳೆ ಊದಿದ್ದರೆ, ಹೋಗಬೇಕೋ ಬೇಡವೋ, ಮತ್ತೆ ಆ ಪಟ್ಟಣದವಳ ಆಟವೇನೋ ಎಂದು ಖಂಡಿತ ಒಂದು ಗಳಿಗೆ ನಿಲ್ಲುತ್ತಿದ್ದೆವು. ಊದದಿದ್ದಾಗ ಯಾರೂ ನಿಲ್ಲಲಿಲ್ಲ. ಕೈಯಲ್ಲಿ ಏನಿತ್ತೋ ಅದನ್ನೇ ಹಿಡಿದು ದಿಬ್ಬ ಹತ್ತಿದೆವು. ನನ್ನ ಕೈಯಲ್ಲಿ ಮಜ್ಜಿಗೆಯ ಹೂಜಿ ಇತ್ತು.

ಅವರು ಡೊರ್ಕಸಳನ್ನು ಅಂಗಳದವರೆಗೆ ಎಳೆದು ತಂದಿದ್ದರು. ಬೆಂಚೂ ಜೊತೆಗೆ ಬಂದಿತ್ತು. ಇಪ್ಪತ್ತು ಜನ ಸುತ್ತ ನಿಂತೆವು. ಕತ್ತಿಗಳನ್ನು ಯಾರೂ ಎತ್ತಲಿಲ್ಲ, ಕೆಳಗೂ ಇಡಲಿಲ್ಲ.

"ಇದು ಅಮೆರಿಕ ದೇಶದ ಕಾನೂನು," ಕಾಗದದವನು ಕೂಗಿದ. "ನೀವೆಲ್ಲ ನನಗೆ ನೆರವಾಗಬೇಕು!"

"ನೆರವಾಗೋಣ," ಅಂದ ಸೈಲಸಜ್ಜ. ಅವನ ಎರಡೂ ಬೂಟು ಈ ಸಲ ಕಾಲಲ್ಲೇ ಇದ್ದವು. "ಗಾಡಿ ಹತ್ತಿಸೋಕಾ? ಬನ್ನಿ, ನಿಮ್ಮನ್ನ ಹತ್ತಿಸ್ತೀವಿ. ನನಗೆ ಊಟದ ಹೊತ್ತು ಮೀರಿದೆ, ಸಿಟ್ಟು ಬೇರೆ ಬಂದಿದೆ."

ಹುಡುಗ ಪಿಸ್ತೂಲನ್ನು ಒಬ್ಬರಿಂದ ಒಬ್ಬರಿಗೆ ತಿರುಗಿಸಿದ. ಅದರಲ್ಲಿ ಇದ್ದದ್ದು ಒಂದೇ ಗುಂಡು. ಅಷ್ಟರಲ್ಲಿ ಪಾತ್ರೆಯವನು ಯಾರಿಗೂ ಕಾಯದೆ ಗಾಡಿ ತಿರುಗಿಸಿದ್ದ. ಅವರಿಬ್ಬರೂ ಅದರ ಹಿಂದೆ ಓಡಿ ಹತ್ತಬೇಕಾಯಿತು. ತೋಟ ದಾಟುವವರೆಗೂ ತಪ್ಪಲೆಗಳು ಡಣಡಣ ಬಡಿದುಕೊಳ್ಳುವುದು ಕೇಳಿಸಿತು. ನಾನು ಮಜ್ಜಿಗೆಯ ಹೂಜಿಯನ್ನು ಗಾಡಿಯ ಮೇಲೆ ಬೀಸಿ ಒಗೆದೆ. ಒಳ್ಳೆಯ ಹೂಜಿ ಅದು, ಆದರೂ ನನಗೆ ಬೇಸರವಿಲ್ಲ.

"ಸೈನ್ಯ ಕರ್ಕೊಂಡು ಬರ್ತೀವಿ!" ಎಂದು ದೂರದಿಂದ ಕೂಗಿದ ಹುಡುಗ.

ಆವತ್ತು ಎಲ್ಲರೂ ಅಲ್ಲೇ ಉಂಡೆವು. ಸೀದ ರೊಟ್ಟಿಯ ತಳ ಕೆರೆದು, ಎಲೆಕೋಸಿಗೆ ನೀರು ಸೇರಿಸಿ, ಲವಿನಿಯಾ ಊದಿದ ಕೆನ್ನೆಯಲ್ಲೇ ಬಡಿಸಿದಳು. ಡೊರ್ಕಸ್ ಮಾತ್ರ ಉಣ್ಣಲಿಲ್ಲ. ಒಳಗೆ ಹೋಗಿ ಹಾಸಿಗೆಯ ಹೊದಿಕೆ ಬಿಚ್ಚಿ ಬಟ್ಟೆ ಗಂಟು ಕಟ್ಟತೊಡಗಿದಳು.

"ಏನವ್ವಾ ಇದು?" ಅಂದ ಏಸಾ.

"ಕೆನಡಾಕ್ಕೆ ಹೊರಡೋಣ. ಇವತ್ತೇ. ಅವರನ್ನ ಕರೆಸಿದ್ದು ನನ್ನ ನಾಲಗೆ. ಈ ಹುಡುಗೀನ ನಗೆಪಾಟಲು ಮಾಡೋಕೆ ಹೋಗಿ ನಿನ್ನನ್ನೇ ಮಾರಿಬಿಡ್ತಿದ್ದೆ." ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹೋಗೋಣ ಅಂತ ಇವಳೂ ಹೇಳ್ತಾನೇ ಇದ್ದಳು," ಅಂದ ಏಸಾ, ಹೆಂಡತಿಯ ಕಡೆ ತಿರುಗಿ.

ಲವಿನಿಯಾ ಸೌಟು ಕೆಳಗಿಟ್ಟು ಬಂದಳು. ಅತ್ತೆ ಕಟ್ಟಿದ ಗಂಟನ್ನು ಬಿಚ್ಚಿ, ಹೊದಿಕೆಯನ್ನು ಕೊಡವಿ ಮತ್ತೆ ಹಾಸಿಗೆಗೆ ಹಾಸಿದಳು.

"ಆಗ ಹೇಳ್ತಿದ್ದೆ. ಆಗ ನನಗೆ ಹೊಡೆದಿರಲಿಲ್ಲ. ಈ ಹೊಸ್ತಿಲ ಮೇಲೆ ನಿಂತು ಏಟು ತಿಂದಿದೀನಿ, ಈಗ ಇದು ನಂದೂ ಹೌದು. ಮೋಡ ಕವಿದ ದಿನ ನೆರಳು ಎಲ್ಲಿರಬೇಕಿತ್ತು ಅಂತ ಹೇಳೋರು ನೀವೊಬ್ಬರೇ ಅತ್ತೆ. ನೀವು ಹೊರಟುಹೋದರೆ ಇವರಿಗೆಲ್ಲ ಹೊತ್ತು ಯಾರು ಹೇಳ್ತಾರೆ?"

"ಮತ್ತೆ ಬರ್ತಾರೆ ಕಣೇ."

"ಬರಲಿ."

ಸೈಲಸಜ್ಜ ಹೊರಗಿನಿಂದ ಕೂಗಿದ, "ಜಗಳ ಮುಗೀತಾ? ಸೇಬಿನ ಪಾಕ ಯಾರು ಕೊಡ್ತೀರಿ?"

ಮರುದಿನದಿಂದ ನಮ್ಮ ಗಂಡಸರು ಸರದಿಯ ಮೇಲೆ ತೋಟದ ಹಾದಿ ಕಾಯತೊಡಗಿದರು. ಪ್ರತಿ ಮನೆಗೂ ಒಂದೊಂದು ಕಹಳೆ ಬಂತು. ಏಸಾ ಚಪ್ಪಟೆಯಾದ ಕಹಳೆಯನ್ನು ಕಲ್ಲಿನ ಮೇಲಿಟ್ಟು ಬಡಿದು ದುಂಡಗೆ ಮಾಡಿದ. ಬಿಟ್ಟ ಬೆಸುಗೆಯ ಕಡೆ ದಾರ ಸುತ್ತಿ ಮೇಣ ಮೆತ್ತಿದ. ಅದು ಸಿದ್ಧವಾದ ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ನಾನು ಹಿಟ್ಟು ಹಿಂತಿರುಗಿಸಲು ಹೋಗಿದ್ದೆ. ಅತ್ತೆ ಸೊಸೆ ಇಬ್ಬರೂ ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ನೆರಳು ನೋಡುತ್ತಿದ್ದರು.

"ಈಗ," ಅಂದಳು ಲವಿನಿಯಾ.

"ಇನ್ನೂ ಇಲ್ಲ, ದುಡುಕಬೇಡ. ಪೂರ್ತಿ ಕೂರಲಿ." ಡೊರ್ಕಸ್ ಮೊಳೆಯಿಂದ ಕಹಳೆ ತೆಗೆದಳು. ಒಂದು ಗಳಿಗೆ ಅದನ್ನು ಸೊಂಟಕ್ಕೆ ಕಟ್ಟಿದ ಅಡುಗೆಯ ಬಟ್ಟೆಯಲ್ಲಿ ಒರೆಸಿದಳು. ಆಮೇಲೆ ಸೊಸೆಯ ಕೈಗೆ ಕೊಟ್ಟಳು. "ಈಗ ಊದು. ಮೂರು ಸಲ, ಉದ್ದಕ್ಕೆ."

ಲವಿನಿಯಾ ಊದಿದಳು. ಅದು ಕಹಳೆಯ ಸದ್ದೇ ಆಗಿರಲಿಲ್ಲ. ಹರಕು ಗಂಟಲಿನ ಹೆಬ್ಬಾತು ಅರಚಿದ ಹಾಗಿತ್ತು, ಆದರೆ ಕಣಿವೆಯ ಆಚೆ ತುದಿಯವರೆಗೂ ಹೋಯಿತು. ಕೆಳಗೆ ಸೈಲಸಜ್ಜನ ಹೇಸರಗತ್ತೆ ತಕ್ಷಣ ನಿಂತಿತು. ಗಂಡಸರ ಸಾಲು ಬೆನ್ನು ನೆಟ್ಟಗೆ ಮಾಡಿತು. ಹುಲ್ಲು ಟೋಪಿಯೊಂದು ಸಾಲಿನಿಂದ ಬೇರೆಯಾಗಿ ದಿಬ್ಬದ ಕಡೆ ನಡೆಯತೊಡಗಿತು. ನಾನು ಮನೆಗೆ ಹೋಗಿ ಗಡಿಯಾರ ಸರಿಮಾಡಿದೆ.